ಪಾಕ ನೋಡಿ ಉರಿ ತಗ್ಗಿಸುವ ಯಂತ್ರ

ಪ್ರಶ್ನೆ: ಕಳೆದ ತಿಂಗಳು ನಮ್ಮ ತಾಯಿಗೆ (58 ವರ್ಷ) ಲ್ಯಾಪರೋಸ್ಕೋಪಿ ಮೂಲಕ ಗರ್ಭಕೋಶ ತೆಗೆದರು. "ರಕ್ತನಾಳಗಳನ್ನು ದಾರದಿಂದ ಕಟ್ಟುವುದಿಲ್ಲ, ಕರೆಂಟಿನಿಂದ ಬೆಸೆಯುತ್ತೇವೆ. ಎಷ್ಟು ಕರೆಂಟ್ ಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ" ಎಂದು ವೈದ್ಯರು ಮೊದಲೇ ಹೇಳಿದ್ದರು. ಆ ಸಾಧನಕ್ಕೆ ಬಿಲ್ಲಿನಲ್ಲಿ ಪ್ರತ್ಯೇಕ ಮೊತ್ತವೂ ಇತ್ತು. ತಾಯಿ ಈಗ ಆರಾಮವಾಗಿದ್ದಾರೆ. ಆದರೆ ತೊಡೆಗೆ ಅಂಟಿಸಿದ್ದ ಪ್ಯಾಡಿನ ಅಂಚಿನಲ್ಲಿ ನಾಲ್ಕೈದು ದಿನ ಕೆಂಪು ಗೆರೆ ಇತ್ತು. ದೇಹದ ಒಳಗಿನ ಮಾಂಸದ ಸ್ಥಿತಿ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಅದನ್ನು ಎಷ್ಟು ನಂಬಬಹುದು? ಆ ಗೆರೆ ಏಕೆ ಬಂತು?

ಉತ್ತರ: ನಿಮ್ಮ ತಾಯಿಯವರು ಚೇತರಿಸಿಕೊಂಡಿದ್ದಾರೆ ಎಂದು ಓದಿ ಸಂತೋಷವಾಯಿತು. ನಾನು ವೈದ್ಯನಲ್ಲ. ಆಸ್ಪತ್ರೆಗಳಲ್ಲಿ ಈ ಯಂತ್ರಗಳನ್ನು ಪರೀಕ್ಷಿಸುವ, ದುರಸ್ತಿ ಮಾಡುವ, ಆಪರೇಷನ್ ಥಿಯೇಟರ್ (ಓಟಿ) ಸಿಬ್ಬಂದಿಗೆ ಅವುಗಳ ಬಳಕೆಯನ್ನು ಹೇಳಿಕೊಡುವ ಬಯೋಮೆಡಿಕಲ್ ಎಂಜಿನಿಯರ್. ಆ ಕಡೆಯಿಂದ ಉತ್ತರಿಸುತ್ತೇನೆ.

ವೈದ್ಯರು ಹೇಳಿದ್ದು ನಿಜ. ಆದರೆ ಯಂತ್ರ ಏನನ್ನು "ನೋಡುತ್ತದೆ" ಎಂಬುದನ್ನು ಬಿಡಿಸಿ ಹೇಳಬೇಕು. ಅದಕ್ಕೆ ರಕ್ತನಾಳ ಯಾವುದು, ನರ ಯಾವುದು ಎಂಬುದು ಗೊತ್ತಿಲ್ಲ. ಬಿಸಿ ಎಷ್ಟಿದೆ ಎಂಬುದೂ ಬಹುಪಾಲು ಯಂತ್ರಗಳಿಗೆ ನೇರವಾಗಿ ಗೊತ್ತಿಲ್ಲ. ತನ್ನ ಎರಡು ತುದಿಗಳ ನಡುವೆ ಇರುವ ವಸ್ತು ಕರೆಂಟಿಗೆ ಎಷ್ಟು ತಡೆ ಒಡ್ಡುತ್ತಿದೆ ಎಂಬುದೊಂದನ್ನೇ ಅದು ಅಳೆಯುತ್ತದೆ. ಈ ತಡೆಗೆ ನಾವು ಇಂಪಿಡೆನ್ಸ್ ಎನ್ನುತ್ತೇವೆ, ಓಮ್ ಲೆಕ್ಕದಲ್ಲಿ ಹೇಳುತ್ತೇವೆ. ಮಾಂಸದಲ್ಲಿ ಕರೆಂಟನ್ನು ಹೊರುವುದು ಉಪ್ಪು ಬೆರೆತ ನೀರು. ಆದ್ದರಿಂದ ಯಂತ್ರ ನಿಜವಾಗಿ ಕಾಯುತ್ತಾ ಕೂರುವುದು ಅಲ್ಲಿರುವ ನೀರನ್ನು.

ಮಂಡ್ಯದ ಕಡೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಪ್ಪರಿಗೆಯ ಮುಂದೆ ನಿಂತವನು ಗಡಿಯಾರ ನೋಡುವುದಿಲ್ಲ. ಕಬ್ಬಿನ ಹಾಲು ಒಂದು ದಿನ ತೆಳ್ಳಗಿರುತ್ತದೆ, ಇನ್ನೊಂದು ದಿನ ಮಂದವಾಗಿರುತ್ತದೆ. ಅವನು ನೊರೆಯ ಬಣ್ಣ ನೋಡುತ್ತಾನೆ, ಗುಳ್ಳೆಯ ಗಾತ್ರ ನೋಡುತ್ತಾನೆ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಮುಂಚೆಯೇ ಇಳಿಸಿದರೆ ಅಚ್ಚಿನಲ್ಲಿ ಬೆಲ್ಲ ನಿಲ್ಲುವುದಿಲ್ಲ. ತಡವಾದರೆ ಸೀದುಹೋಗುತ್ತದೆ. ರಕ್ತನಾಳ ಬೆಸೆಯುವುದರಲ್ಲೂ ಇರುವ ಅಪಾಯ ಇವೆರಡೇ: ಕಡಿಮೆಯಾದರೆ ಬೆಸುಗೆ ಬಿಟ್ಟುಕೊಂಡು ರಕ್ತ ಸೋರುತ್ತದೆ, ಹೆಚ್ಚಾದರೆ ಮಾಂಸ ಕರಕಲಾಗಿ ಸುತ್ತಲಿನ ಜಾಗಕ್ಕೂ ಬಿಸಿ ತಾಗುತ್ತದೆ. ಹಳೆಯ ಯಂತ್ರಗಳಿಗೆ ಉರಿ ಹಾಕುವುದಷ್ಟೇ ಗೊತ್ತಿತ್ತು. ಪಾಕ ನೋಡುವ ಕೆಲಸವೆಲ್ಲ ಶಸ್ತ್ರವೈದ್ಯರ ಕಣ್ಣು, ಕಿವಿ, ಪೆಡಲಿನ ಮೇಲಿನ ಪಾದದ್ದು.

ಓಟಿಯಲ್ಲಿ ಎಲ್ಲರೂ ಈ ಯಂತ್ರವನ್ನು "ಕಾಟರಿ" ಎಂದೇ ಕರೆಯುತ್ತಾರೆ. ಬಳಕೆಯಲ್ಲಿ ನಿಂತ ಮಾತು, ಆದರೆ ಸರಿಯಲ್ಲ. ಕಾಟರಿ ಎಂದರೆ ಕಾಯಿಸಿದ ಲೋಹದಿಂದ ಸುಡುವುದು. ಸುಶ್ರುತ ಸಂಹಿತೆಯ ಅಗ್ನಿಕರ್ಮ ಆ ಬಗೆಯದು. ರಕ್ತ ನಿಲ್ಲಿಸುವ ನಾಲ್ಕು ಉಪಾಯಗಳಲ್ಲಿ ದಹನವನ್ನು ಅಲ್ಲಿ ಕೊನೆಯದಾಗಿ ಹೇಳಿದೆ. ಎಲೆಕ್ಟ್ರೋಸರ್ಜರಿಯಲ್ಲಿ ಲೋಹದ ತುದಿ ಕಾದು ಮಾಂಸವನ್ನು ಸುಡುವುದಿಲ್ಲ. ಕರೆಂಟ್ ಮಾಂಸದ ಮೂಲಕ ಹರಿದು, ಮಾಂಸವೇ ತನ್ನ ಒಳಗಿನಿಂದ ಬಿಸಿಯಾಗುತ್ತದೆ. ಇದು ಪದದ ಚರ್ಚೆಯಷ್ಟೇ ಅಲ್ಲ, ನಿಮ್ಮ ಪ್ರಶ್ನೆಯ ಬುಡವೇ ಇಲ್ಲಿದೆ. ಮಾಂಸ ಸರ್ಕ್ಯೂಟಿನ ಭಾಗವಾಗಿರುವುದರಿಂದಲೇ ಅದರ ಸ್ಥಿತಿ ತಿಳಿಯಲು ಬೇರೆ ಉಪಕರಣವನ್ನು ಒಳಗೆ ಇಳಿಸಬೇಕಾಗಿಲ್ಲ. ಕಾಯಿಸಲು ಹೋದ ಕರೆಂಟೇ ಸುದ್ದಿಯನ್ನೂ ತರುತ್ತದೆ. ವೋಲ್ಟೇಜ್ ಎಷ್ಟು ಕೊಟ್ಟೆ, ಕರೆಂಟ್ ಎಷ್ಟು ಹರಿಯಿತು ಎಂದು ಭಾಗಿಸಿದರೆ ತಡೆ ಸಿಕ್ಕಿತು.

ಇಷ್ಟು ಕರೆಂಟ್ ದೇಹದಲ್ಲಿ ಹರಿದರೆ ಶಾಕ್ ಹೊಡೆಯುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಮನೆಯ ಕರೆಂಟ್ ಸೆಕೆಂಡಿಗೆ 50 ಬಾರಿ ಹೋಗಿ ಬರುತ್ತದೆ, ಇದು ಸಾಮಾನ್ಯವಾಗಿ 3 ಲಕ್ಷದಿಂದ 5 ಲಕ್ಷ ಬಾರಿ. ಅಷ್ಟು ವೇಗಕ್ಕೆ ನರ ಮತ್ತು ಸ್ನಾಯುಗಳು ಸ್ಪಂದಿಸಲಾರವು, ಬಿಸಿ ಮಾತ್ರ ಉಳಿಯುತ್ತದೆ. ಫ್ರಾನ್ಸಿನ ವಿಜ್ಞಾನಿ ದಾರ್ಸೋನ್ವಾಲ್ 1890ರ ದಶಕದ ಆರಂಭದಲ್ಲೇ ಇದನ್ನು ತೋರಿಸಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಬೋಸ್ಟನ್ನಿನಲ್ಲಿ, 1926ರ ಅಕ್ಟೋಬರ್ 1ರಂದು. ವಿಲಿಯಂ ಬೋವಿ ಕಟ್ಟಿದ ಯಂತ್ರವನ್ನು ಮಿದುಳಿನ ಶಸ್ತ್ರಚಿಕಿತ್ಸಕ ಹಾರ್ವೆ ಕುಷಿಂಗ್ ಅಂದು ಬಳಸಿದರು. ರಕ್ತಸ್ರಾವದಿಂದಾಗಿ ಕೆಲವೇ ದಿನ ಹಿಂದೆ ಅರ್ಧಕ್ಕೆ ಕೈಬಿಟ್ಟಿದ್ದ ತಲೆಯ ಗಡ್ಡೆಯನ್ನು ಅವರು ಪೂರ್ತಿ ತೆಗೆದದ್ದು ಆ ದಿನ. ಈಗಲೂ ಕೆಲವು ಹಿರಿಯ ವೈದ್ಯರು ಯಂತ್ರವನ್ನು "ಬೋವಿ" ಎನ್ನುತ್ತಾರೆ.

ಇನ್ನು ಪಾಕದ ವಿಷಯ. ಹೊಸ ಸಿಬ್ಬಂದಿಗೆ ಹೇಳಿಕೊಡುವಾಗ ನಾನು ಮಟನ್ ಅಂಗಡಿಯಿಂದ ಕುರಿಯ ಮೂತ್ರಪಿಂಡವನ್ನು, ಅದಕ್ಕೆ ಅಂಟಿಕೊಂಡ ರಕ್ತನಾಳದ ತುಂಡಿನ ಸಮೇತ ತರುತ್ತೇನೆ. ನಾಳವನ್ನು, ಇಕ್ಕಳದಂತೆ ಹಿಡಿದು ಬೆಸೆಯುವ ಸೀಲರ್‌ನ ದವಡೆಯ ನಡುವೆ ಇಟ್ಟು ಹಿಡಿಕೆ ಒತ್ತಿದರೆ ಕ್ಲಿಕ್ ಎಂದು ಬೀಗ ಬೀಳುತ್ತದೆ. ಗುಂಡಿ ಒತ್ತಿದ ಕೂಡಲೇ ಯಂತ್ರ ಒಂದೇ ಶ್ರುತಿಯಲ್ಲಿ ಸದ್ದು ಮಾಡಲು ಶುರುಮಾಡುತ್ತದೆ. ಮೊದಲಿಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆಮೇಲೆ ದವಡೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಒಂದು ಎಳೆ ಆವಿ ಹೊರಡುತ್ತದೆ. ಮೂರು ನಾಲ್ಕು ಸೆಕೆಂಡಿಗೆ ಸದ್ದು ಬದಲಾಗಿ, ಮುಗಿಯಿತು ಎಂಬ ಸೂಚನೆ ಬರುತ್ತದೆ. ದವಡೆ ತೆರೆದರೆ ದುಂಡಗಿದ್ದ ನಾಳ ಚಪ್ಪಟೆಯಾಗಿ, ಈರುಳ್ಳಿಯ ಒಳಸಿಪ್ಪೆಯಂತೆ ಬೆಳಕು ಹಾಯುವ ಪಟ್ಟಿಯಾಗಿರುತ್ತದೆ. ಕಪ್ಪಾಗಿರುವುದಿಲ್ಲ. ಕಪ್ಪಾಗಿಲ್ಲ ಎಂಬುದೇ ಅಲ್ಲಿ ನೋಡಬೇಕಾದ ಸಂಗತಿ.

ಆ ಮೂರು ನಾಲ್ಕು ಸೆಕೆಂಡಿನಲ್ಲಿ ತಡೆಯ ರೇಖೆ ಹೀಗೆ ಸಾಗುತ್ತದೆ. ಬಿಸಿಯಾಗಲು ತೊಡಗಿದಾಗ ತಡೆ ಏರುವುದಿಲ್ಲ, ಇಳಿಯುತ್ತದೆ. ಬಿಸಿ ನೀರಿನಲ್ಲಿ ಉಪ್ಪಿನ ಅಯಾನುಗಳು ಚುರುಕಾಗಿ ಓಡಾಡುತ್ತವೆ. ಒಂದು ಡಿಗ್ರಿ ಏರಿದರೆ ಕರೆಂಟ್ ಹರಿಯುವ ಸರಾಗ ಸುಮಾರು ಶೇಕಡಾ 2ರಷ್ಟು ಹೆಚ್ಚುತ್ತದೆ. ಜೀವಕೋಶದ ಪೊರೆಗಳು ಪುಟ್ಟ ಕೆಪಾಸಿಟರ್‌ಗಳಂತೆ ಕರೆಂಟಿಗೆ ಅಡ್ಡ ನಿಂತಿರುತ್ತವೆ, ಅವು ಒಡೆದಾಗ ಒಳಗಿನ ದ್ರವವೂ ಹೊರಬಂದು ದಾರಿ ಇನ್ನಷ್ಟು ಸಲೀಸಾಗುತ್ತದೆ. 60 ಡಿಗ್ರಿ ದಾಟುತ್ತಿದ್ದಂತೆ ಪ್ರೋಟೀನುಗಳು ರೂಪ ಕೆಡುತ್ತವೆ, ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ. ನಾಳದ ಗೋಡೆಯ ಕೊಲಾಜೆನ್ ಎಳೆಗಳು ಬಿಚ್ಚಿಕೊಳ್ಳುತ್ತವೆ, ದವಡೆಯ ಒತ್ತಡಕ್ಕೆ ಎರಡು ಗೋಡೆಗಳ ಎಳೆಗಳು ಒಂದರೊಳಗೊಂದು ಬೆರೆಯುತ್ತವೆ. ರೇಖೆ ಸ್ವಲ್ಪ ಹೊತ್ತು ತಳದಲ್ಲೇ ಸಮನಾಗಿ ಹೋಗುತ್ತದೆ. 100 ಡಿಗ್ರಿಯ ಹತ್ತಿರ ನೀರು ಆವಿಯಾಗಿ ಬಿಟ್ಟುಹೋಗುತ್ತಿದ್ದಂತೆ ಕರೆಂಟಿಗೆ ಸೇತುವೆ ಇಲ್ಲದಂತಾಗಿ ತಡೆ ಕಡಿದಾಗಿ ಮೇಲೇಳುತ್ತದೆ. ಆ ತಿರುವೇ ಪಾಕ ಬಂದ ಹೊತ್ತು. ಅಲ್ಲಿ ನಿಲ್ಲಿಸದೆ ಸುರಿಯುತ್ತಲೇ ಹೋದರೆ 200 ಡಿಗ್ರಿ ದಾಟಿ ಮಾಂಸ ಇದ್ದಿಲಾಗುತ್ತದೆ.

ಒಳ್ಳೆಯ ಸೀಲರ್ ಮೊದಲು ಒಂದು ಪುಟ್ಟ ಪರೀಕ್ಷಾ ಕರೆಂಟ್ ಕಳುಹಿಸಿ, ದವಡೆಯಲ್ಲಿ ಸಿಕ್ಕಿರುವುದು ತೆಳುವೋ ದಪ್ಪವೋ, ಒದ್ದೆಯೋ ಒಣಗಿದ್ದೋ ಎಂದು ಅಂದಾಜು ಮಾಡಿಕೊಳ್ಳುತ್ತದೆ. ಆಮೇಲೆ ತಡೆ ಯಾವ ವೇಗದಲ್ಲಿ ಏರಬೇಕು ಎಂಬ ದಾರಿಯೊಂದನ್ನು ಹಾಕಿಕೊಂಡು, ರೇಖೆ ಆ ದಾರಿ ಬಿಟ್ಟು ಓಡಿದರೆ ಶಕ್ತಿ ತಗ್ಗಿಸುತ್ತದೆ, ಹಿಂದೆ ಬಿದ್ದರೆ ಹೆಚ್ಚಿಸುತ್ತದೆ. ಕೊನೆಗೆ ಕರೆಂಟ್ ನಿಲ್ಲಿಸಿದ ಮೇಲೂ ಒಂದು ಕ್ಷಣ ದವಡೆ ಬಿಗಿಯಾಗಿಯೇ ಇರಬೇಕು, ಬೆಸುಗೆ ಆರಿ ಗಟ್ಟಿಯಾಗುವುದು ಆಗ. 1998ರಲ್ಲಿ ಬಂದ ಲಿಗಾಶೂರ್ ಈ ಬಗೆಯ ಸಾಧನಗಳಿಗೆ ದಾರಿ ಹಾಕಿತು. 7 ಮಿಲಿಮೀಟರ್ ವ್ಯಾಸದವರೆಗಿನ ನಾಳಗಳನ್ನು ಬೆಸೆಯಲು ಅದಕ್ಕೆ ಅನುಮತಿ ಇದೆ, ಆ ಬೆಸುಗೆ ಸಾಮಾನ್ಯ ಸಂಕೋಚನ ರಕ್ತದೊತ್ತಡದ (ಬಿಪಿಯ ಮೇಲಿನ ಅಂಕಿ) ಮೂರರಷ್ಟನ್ನು ತಡೆಯುತ್ತದೆ. ಇದೇ ಗುರಿಯನ್ನು ಬೇರೆ ದಾರಿಯಿಂದ ಮುಟ್ಟಿದವರೂ ಇದ್ದಾರೆ. ಎನ್‌ಸೀಲ್ ಎಂಬ ಸಾಧನದ ದವಡೆಯಲ್ಲಿ ಬಿಸಿಯಾದಂತೆ ತಾನೇ ತಡೆ ಹೆಚ್ಚಿಸಿಕೊಳ್ಳುವ ವಸ್ತುವನ್ನು ಕೂರಿಸಿದ್ದಾರೆ. ಎಲ್ಲಿ ಕಾದಿದೆಯೋ ಅಲ್ಲಿ ಮಾತ್ರ ಕರೆಂಟ್ ತಗ್ಗುತ್ತದೆ. ನನಗೆ ಬಹಳ ಹಿಡಿಸಿದ ಉಪಾಯ ಅದು.

ಬೆಸೆಯುವುದು ಒಂದು ಕೆಲಸ, ಕತ್ತರಿಸುವುದು ಇನ್ನೊಂದು. ಪೆನ್ಸಿಲ್ (ಕರೆಂಟಿನಿಂದ ಕತ್ತರಿಸುವ, ಪೆನ್ನಿನಂಥ ಸಾಧನ) ಹಿಡಿದು ಹೊಟ್ಟೆ ತೆರೆಯುವಾಗ ತುದಿ ಚರ್ಮ, ಕೊಬ್ಬು, ಸ್ನಾಯು ಎಂದು ಪದರ ಪದರವಾಗಿ ದಾಟುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆ ಹಲವು ಸಾವಿರ ಓಮ್. ಸ್ನಾಯುವಿನಲ್ಲಿ ಅದಕ್ಕಿಂತ ತುಂಬಾ ಕಡಿಮೆ. 500 ಓಮ್ ಇರುವಲ್ಲಿ 40 ವಾಟ್ ಕೊಡಲು ಸುಮಾರು 141 ವೋಲ್ಟ್ ಸಾಕು. ಅದೇ ವೋಲ್ಟೇಜಿನಲ್ಲಿ 2000 ಓಮ್ ಇರುವ ಜಾಗಕ್ಕೆ ಬಂದರೆ ಕೈಗೆ ಸಿಗುವುದು 10 ವಾಟ್ ಮಾತ್ರ. ಕತ್ತಿ ಜಗ್ಗಿದಂತಾಗುತ್ತದೆ. ಹಳೆಯ ಯಂತ್ರಗಳ ಕಾಲದಲ್ಲಿ ವೈದ್ಯರು "ಪವರ್ ಏರಿಸಿ" ಎನ್ನುತ್ತಿದ್ದರು, ಸಿಬ್ಬಂದಿ ಏರಿಸುತ್ತಿದ್ದರು, ತುದಿ ಕೊಬ್ಬು ದಾಟಿ ಸ್ನಾಯುವಿಗೆ ಬಿದ್ದ ಕೂಡಲೇ ಬೇಕಿಲ್ಲದಷ್ಟು ಶಕ್ತಿ ಅಲ್ಲಿಗೆ ನುಗ್ಗುತ್ತಿತ್ತು. ಈಗಿನ ಯಂತ್ರ 2000 ಓಮ್ ಕಂಡ ಕ್ಷಣ ವೋಲ್ಟೇಜನ್ನು 283ಕ್ಕೆ ಏರಿಸಿ 40 ವಾಟ್ ಉಳಿಸಿಕೊಳ್ಳುತ್ತದೆ, ಸ್ನಾಯು ಬಂದಾಗ ಮತ್ತೆ ಇಳಿಸುತ್ತದೆ. ಇಂಥ ಯಂತ್ರ ತಯಾರಿಸುವ ವ್ಯಾಲಿಲ್ಯಾಬ್‌ನ ಫೋರ್ಸ್ ಎಫ್‌ಎಕ್ಸ್ ಸೆಕೆಂಡಿಗೆ 200 ಬಾರಿ ಹೀಗೆ ಅಳೆದು ತಿದ್ದಿಕೊಳ್ಳುತ್ತಿತ್ತು. ಅದೇ ಸಾಲಿನ ಎಫ್‌ಟಿ10 ಸೆಕೆಂಡಿಗೆ 4,34,000 ಬಾರಿ ಅಳೆಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಇದರಿಂದ ಆದ ದೊಡ್ಡ ಉಪಕಾರವೆಂದರೆ ಕಡಿಮೆ ಪವರ್ ಇಟ್ಟುಕೊಂಡೇ ಕೆಲಸ ಮಾಡಬಹುದಾದದ್ದು.

ಹೃದಯದ ಬಡಿತ ತಪ್ಪಿದಾಗ ತೆಳು ಕೊಳವೆಯನ್ನು ಹೃದಯಕ್ಕೆ ಇಳಿಸಿ, ಅದಕ್ಕೆ ಕಾರಣವಾದ ಜಾಗವನ್ನು ಸುಡುವ ಕ್ಯಾತಿಟರ್ ಅಬ್ಲೇಷನ್‌ನಲ್ಲಿಯೂ ಇದೇ ತತ್ವವಿದೆ. ಅಲ್ಲಿ ತಡೆ ಹತ್ತು ಓಮ್‌ನಷ್ಟು ಇಳಿದರೆ ತುದಿ ಹೃದಯದ ಗೋಡೆಗೆ ಸರಿಯಾಗಿ ತಾಗಿ ಬಿಸಿ ಹತ್ತುತ್ತಿದೆ ಎಂದರ್ಥ. ದಿಢೀರನೆ ಏರಿದರೆ ತುದಿಯ ಮೇಲೆ ರಕ್ತ ಹೆಪ್ಪುಗಟ್ಟುತ್ತಿದೆ ಎಂಬ ಶಂಕೆ, ಯಂತ್ರ ಕರೆಂಟ್ ಕಡಿದುಬಿಡುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಎಷ್ಟು ನಂಬಬಹುದು? ದವಡೆಯ ಒಳಗೆ ಇರುವುದರ ಮಟ್ಟಿಗೆ ಬಹಳಷ್ಟು ನಂಬಬಹುದು. ದವಡೆಯ ಹೊರಗೆ ಏನೇನೂ ಇಲ್ಲ. ನಿಮ್ಮ ತಾಯಿಯವರ ಶಸ್ತ್ರಚಿಕಿತ್ಸೆಯನ್ನೇ ತೆಗೆದುಕೊಳ್ಳಿ. ಗರ್ಭಕೋಶಕ್ಕೆ ರಕ್ತ ತರುವ ಅಪಧಮನಿಯ ಕೆಳಗೆ, ಗರ್ಭಕಂಠದಿಂದ ಸುಮಾರು ಒಂದೂವರೆ ಎರಡು ಸೆಂಟಿಮೀಟರ್ ಪಕ್ಕದಲ್ಲಿ, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ನಾಳ ಹಾದುಹೋಗುತ್ತದೆ. ಬೆಸುಗೆಯ ಬಿಸಿ ದವಡೆಯ ಆಚೆಗೂ ಒಂದರಿಂದ ಮೂರು ಮಿಲಿಮೀಟರ್ ಆಸುಪಾಸು ಹರಡುತ್ತದೆ. ಆ ಮೂತ್ರನಾಳ ಎಷ್ಟು ದೂರದಲ್ಲಿದೆ ಎಂದು ಯಂತ್ರಕ್ಕೆ ಯಾವ ಓಮ್ ಲೆಕ್ಕವೂ ಹೇಳುವುದಿಲ್ಲ. ಅದನ್ನು ಗುರುತಿಸಿ, ಸರಿಸಿ, ಅಂತರ ಕಾಯ್ದುಕೊಂಡವರು ನಿಮ್ಮ ಶಸ್ತ್ರವೈದ್ಯರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾದ ಆ ಕೆಲಸವನ್ನು ಯಾವ ಯಂತ್ರವೂ ಅವರಿಂದ ಇಸಿದುಕೊಂಡಿಲ್ಲ.

ದವಡೆಯ ಒಳಗೂ ಅಳತೆ ತಪ್ಪುವ ಸಂದರ್ಭಗಳಿವೆ. ಹಿಂದಿನ ಶಸ್ತ್ರಚಿಕಿತ್ಸೆಯ ಲೋಹದ ಕ್ಲಿಪ್ ನಡುವೆ ಸಿಕ್ಕಿಕೊಂಡರೆ ಕರೆಂಟ್ ಅದರ ಮೂಲಕವೇ ಹಾಯುತ್ತದೆ, ಮಾಂಸಕ್ಕೆ ಸಿಗುವುದಿಲ್ಲ. ಸುತ್ತ ರಕ್ತ ಮಡುಗಟ್ಟಿದ್ದರೆ ಅದನ್ನು ಒಣಗಿಸುವುದರಲ್ಲೇ ಶಕ್ತಿ ಖರ್ಚಾಗುತ್ತದೆ. ಸುಣ್ಣಗಟ್ಟಿದ, ಕೊಬ್ಬು ಕಟ್ಟಿದ ನಾಳಗಳ ಗೋಡೆ ಬೆಸೆಯಲು ಒಪ್ಪುವುದಿಲ್ಲ. ಅಂಥ ನಾಳಗಳ ವಿಷಯದಲ್ಲಿ ಎಚ್ಚರವಿರಲಿ ಎಂದು ತಯಾರಕರೇ ಬರೆದಿರುತ್ತಾರೆ. ಬೆಸೆಯುವಾಗ ಮಾಂಸವನ್ನು ಎಳೆದು ಹಿಡಿದಿದ್ದರೆ ಬೆಸುಗೆ ತೆಳುವಾಗುತ್ತದೆ.

ನಾನು ಹೆಚ್ಚು ಕಂಡ ತೊಂದರೆ ಮಾತ್ರ ಇವಾವುದೂ ಅಲ್ಲ, ದವಡೆಯ ಮೇಲೆ ಕೂರುವ ಕರಿ. ಒಮ್ಮೆ ಒಂದು ಆಸ್ಪತ್ರೆಯಿಂದ "ಸೀಲರ್ ಬಹಳ ಬೇಗ ಮುಗಿಯಿತು ಎನ್ನುತ್ತದೆ, ಆದರೆ ಕತ್ತರಿಸಿದರೆ ರಕ್ತ ಬರುತ್ತದೆ" ಎಂದು ದೂರು ಬಂತು. ಯಂತ್ರವನ್ನು ಪರೀಕ್ಷಾ ಉಪಕರಣಕ್ಕೆ ಜೋಡಿಸಿ ನೋಡಿದೆ, ಎಲ್ಲವೂ ಸರಿಯಿತ್ತು. ಆಮೇಲೆ ಹಿಡಿಕೆಯನ್ನು ಬೆಳಕಿಗೆ ಹಿಡಿದಾಗ ದವಡೆಯ ಒಳಮೈಯಲ್ಲಿ ಕಂದು ಬಣ್ಣದ, ಉಗುರಿನಿಂದ ಕೆರೆದರೂ ಬಾರದ ಪೊರೆ ಕಾಣಿಸಿತು. ಒಮ್ಮೆ ಬಳಸಿ ಬಿಸಾಡಬೇಕಾದ ಸಾಧನವನ್ನು ಮತ್ತೆ ಮತ್ತೆ ಶುದ್ಧೀಕರಿಸಿ ಬಳಸಿದ್ದರು. ಆ ಪೊರೆ ಕರೆಂಟಿಗೆ ಅಡ್ಡ. ಯಂತ್ರಕ್ಕೆ ಕಾಣುವುದು ತಡೆ ಏರಿದ್ದು ಮಾತ್ರ. ಮಾಂಸ ಒಣಗಿ ಏರಿತೋ, ಕರಿಯಿಂದ ಏರಿತೋ ಅದಕ್ಕೆ ತಿಳಿಯದು. ಪಾಕ ಬಂತೆಂದು ತಿಳಿದು ನಿಲ್ಲಿಸುತ್ತಿತ್ತು, ನಾಳ ಅರೆಬೆಂದಿರುತ್ತಿತ್ತು. ಹೊಸ ಹಿಡಿಕೆ ಹಾಕಿದ ಮೇಲೆ ದೂರು ನಿಂತಿತು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೂ ಸ್ಕ್ರಬ್ ನರ್ಸ್ ಆಗಾಗ ಒದ್ದೆ ಗಾಜ್‌ನಿಂದ ದವಡೆ ಒರೆಸುವುದನ್ನು ನೋಡಿದಾಗ ನನಗೆ ಗೌರವ ಮೂಡುತ್ತದೆ. ಅಳತೆಯ ಸತ್ಯ ಉಳಿಯುವುದು ಆ ಒರೆಸುವ ಕೈಯಿಂದ.

ಬಿಲ್ಲಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಲ್ಯಾಪರೋಸ್ಕೋಪಿಯಲ್ಲಿ ಒಳಗೆ ಗಂಟು ಹಾಕುವುದು ನಿಧಾನದ ಕೆಲಸ, ಅಲ್ಲಿ ಇಂಥ ಸಾಧನದಿಂದ ಸಮಯವೂ ರಕ್ತವೂ ಉಳಿಯುತ್ತದೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನುರಿತ ಕೈಯ ದಾರದ ಗಂಟು ಇಂದಿಗೂ ಯಾವುದಕ್ಕೂ ಕಡಿಮೆಯಿಲ್ಲ. ಸೀಲರ್ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿಕೊಂಡವರಿಗೆ ಅನ್ಯಾಯವಾಗಿದೆ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಹೊಸ ಸಾಧನಕ್ಕೆಂದು ಹಣ ಪಡೆದ ಮೇಲೆ ಹೊಸದನ್ನೇ ಬಳಸಬೇಕು. ಬಳಸಿದ ಸಾಧನದ ಸ್ಟಿಕ್ಕರ್ ಕೇಸ್ ಶೀಟಿನಲ್ಲಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಕೊನೆಯದಾಗಿ ತೊಡೆಯ ಗೆರೆ. ಆ ಪ್ಯಾಡನ್ನು ನಾವು ಪೇಷೆಂಟ್ ಪ್ಲೇಟ್ ಎನ್ನುತ್ತೇವೆ. ಸೀಲರ್‌ಗೆ ಅದು ಬೇಕಿಲ್ಲ, ಅಲ್ಲಿ ಕರೆಂಟ್ ದವಡೆಯಿಂದ ದವಡೆಗೆ ಹೋಗಿ ಬರುತ್ತದೆ. ಆದರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ ಪೆನ್ಸಿಲ್ ಅಥವಾ ಹುಕ್ ಬಳಸಿದಾಗ, ತುದಿಯಿಂದ ಒಳಹೋದ ಕರೆಂಟ್ ದೇಹ ಹಾದು ಈ ಪ್ಲೇಟಿನ ಮೂಲಕ ಯಂತ್ರಕ್ಕೆ ಮರಳುತ್ತದೆ. ತುದಿಯಲ್ಲಿ ಸುಡುವ ಕರೆಂಟ್ ಪ್ಲೇಟಿನಲ್ಲಿ ಸುಡದಿರುವುದಕ್ಕೆ ಕಾರಣ ಅದರ ಅಗಲ. ಪ್ಲೇಟ್ ಎದ್ದು ಬಂದು ನಾಲ್ಕನೆಯ ಒಂದು ಭಾಗ ಮಾತ್ರ ಅಂಟಿಕೊಂಡಿತ್ತು ಎನ್ನಿ. ಕರೆಂಟಿನ ದಟ್ಟಣೆ ನಾಲ್ಕು ಪಟ್ಟಾಗುತ್ತದೆ, ಅಲ್ಲಿ ಹುಟ್ಟುವ ಬಿಸಿಯ ತೀವ್ರತೆ 16 ಪಟ್ಟಾಗುತ್ತದೆ. ಹಿಂದೆ ಇದರಿಂದ ಆದ ಸುಟ್ಟಗಾಯಗಳು ಸಣ್ಣವಲ್ಲ.

ಇದನ್ನು ತಡೆಯಲು 1980ರ ದಶಕದ ಆರಂಭದಲ್ಲಿ ಪ್ಲೇಟನ್ನೇ ಎರಡು ಹೋಳಾಗಿ ಮಾಡಿದರು. ಎರಡೂ ಹೋಳುಗಳ ನಡುವೆ ಯಂತ್ರ ಅತಿ ಸಣ್ಣ ಕರೆಂಟ್ ಹರಿಸಿ, ಚರ್ಮದ ಮೂಲಕ ಇರುವ ತಡೆಯನ್ನು ಅಳೆಯುತ್ತಲೇ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ವ್ಯವಸ್ಥೆಯಲ್ಲಿ ಅದು 5ರಿಂದ 135 ಓಮ್ ಒಳಗೆ ಇರಬೇಕು. ಪ್ಲೇಟ್ ಏಳತೊಡಗಿದರೆ ತಡೆ ಏರುತ್ತದೆ, ಯಂತ್ರ ಕಿರುಚಿ ಕರೆಂಟ್ ನಿಲ್ಲಿಸುತ್ತದೆ. ಗಾಯದ ಜಾಗದಲ್ಲಿ ಅಳೆಯುವುದಕ್ಕಿಂತ ಈ ಅಳತೆ ಹೆಚ್ಚು ಜನರನ್ನು ಕಾಪಾಡಿದೆ ಎಂದು ನನ್ನ ಅನಿಸಿಕೆ. ಆದರೆ ಇದು ಎರಡು ಹೋಳಿನ ಪ್ಲೇಟಿಗೆ ಮಾತ್ರ. ಈಗಲೂ ಕೆಲವೆಡೆ ಸೊಂಟದ ಕೆಳಗೆ ಇಡುವ ಸ್ಟೀಲ್ ತಗಡು ಅಥವಾ ಒಂದೇ ಹೋಳಿನ ಪ್ಲೇಟ್ ಬಳಸುತ್ತಾರೆ. ಆಗ ಯಂತ್ರಕ್ಕೆ ವೈರು ಸೇರಿದೆಯೇ ಇಲ್ಲವೇ ಎಂಬುದಷ್ಟೇ ಗೊತ್ತು, ಚರ್ಮಕ್ಕೆ ತಾಗಿದೆಯೇ ಎಂಬುದು ಗೊತ್ತಿಲ್ಲ. ಅದಕ್ಕೇ ನಾನು ಓಟಿ ಸಿಬ್ಬಂದಿಗೆ ಹೇಳುವ ಮೊದಲ ಮಾತು ಇದು: ವೈದ್ಯರು ಮತ್ತೆ ಮತ್ತೆ "ಪವರ್ ಏರಿಸಿ" ಎಂದರೆ ಗುಂಡಿಗೆ ಕೈ ಹಾಕುವ ಮುನ್ನ ಬಟ್ಟೆ ಸರಿಸಿ ಪ್ಲೇಟ್ ನೋಡಿ.

ಬೊಬ್ಬೆ ಏಳದೆ, ಚರ್ಮ ಬಿಳಿಚಿ ಗಡುಸಾಗದೆ, ನಾಲ್ಕೈದು ದಿನಕ್ಕೆ ತಾನಾಗಿ ಮಾಯವಾದ ಕೆಂಪು ಗೆರೆ ಬಹುಪಾಲು ಅಂಟಿನಿಂದ ಬಂದದ್ದು, ಅಥವಾ ಪ್ಲೇಟನ್ನು ಬಿರುಸಾಗಿ ಕಿತ್ತಾಗ ಮೂಡಿದ್ದು. ಪ್ಲೇಟಿನಡಿ ಅಯೋಡಿನ್ ದ್ರಾವಣ ಹರಿದು ನಿಂತರೂ ಹೀಗಾಗುತ್ತದೆ. ನಿಜವಾದ ಸುಟ್ಟಗಾಯ ಅಷ್ಟು ಬೇಗ ಮಾಸುವುದಿಲ್ಲ. ಗುರುತು ಇನ್ನೂ ಉಳಿದಿದ್ದರೆ ವೈದ್ಯರಿಗೆ ತೋರಿಸಿ. ಪ್ಲೇಟನ್ನು ಯಾವ ಕಾಲಿಗೆ ಅಂಟಿಸಿದರು, ತೆಗೆದಾಗ ಚರ್ಮ ಹೇಗಿತ್ತು ಎಂಬುದು ನರ್ಸಿಂಗ್ ದಾಖಲೆಯಲ್ಲಿ ಇರಬೇಕು.

ಮುಂದೆ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಇದ್ದರೆ ಹಿಂದಿನ ದಿನ ತೊಡೆಗೆ, ಬೆನ್ನಿಗೆ ಎಣ್ಣೆ ಹಚ್ಚಬೇಡಿ. ಕೊಬ್ಬರಿ ಎಣ್ಣೆಯ ಪಸೆ ಇದ್ದರೆ ಪ್ಲೇಟ್ ಹಿಡಿಯುವುದಿಲ್ಲ. ತಾಳಿ, ಕಾಲುಂಗುರ, ಬಳೆ ತೆಗೆಯಲು ಹೇಳಿದರೆ ಬೇಸರ ಮಾಡಿಕೊಳ್ಳದೆ ತೆಗೆಯಿರಿ, ಕರೆಂಟಿಗೆ ಅದು ಅಡ್ಡದಾರಿಯಾಗಬಹುದು. ಪೇಸ್‌ಮೇಕರ್ ಇದ್ದರೆ, ಕಾಲಿನಲ್ಲಿ ರಾಡ್ ಅಥವಾ ಕೃತಕ ಕೀಲು ಇದ್ದರೆ ಕೇಳುವವರೆಗೆ ಕಾಯದೆ ನೀವೇ ಹೇಳಿಬಿಡಿ. ಪ್ಲೇಟ್ ಎಲ್ಲಿ ಅಂಟಿಸಬೇಕೆಂಬುದು ಅದರ ಮೇಲೆ ನಿಂತಿರುತ್ತದೆ.